ಹದಿಹರೆಯದವರ ಸ್ವಭಾವವೂ ಹೊಸ ಆಹಾರದ ಅಂಗೀಕಾರವೂ

೧

ಬೆಳಗಾವಿ ನಗರದ ರವಿವಾರ ಪೇಟೆಯು ಕಿರಾಣಿ ಸಾಮಾನು, ದವಸಧಾನ್ಯಗಳ ಸಗಟು ವ್ಯಾಪಾರಕ್ಕೆ ಹೆಸರಾದ ಸ್ಥಳವಾಗಿದೆ. ಜಿಲ್ಲೆಯ ಮೂಡಲ ಬಯಲುಸೀಮೆಯ ಜೋಳವೂ ಪಡುವಲ ಖಾನಾಪುರದ ಮಳೆಸೀಮೆಯ ಅಕ್ಕಿಯೂ ಈ ಪ್ರಾಂತದ ಊಟಕ್ಕೆ ಎರಡು ಆಧಾರಗಳು. ಇವೆರಡೂ ಇಲ್ಲಿ ಬಹು ಪುರಾತನವಾದ ಧಾನ್ಯಗಳು. ಆದರೆ ಇಂಥ ಪೇಟೆಯಲ್ಲಿ ಇವುಗಳ ಜೊತೆಗೆ ಮಾರಾಟವಾಗುವ ಒಣಮೆಣಸಿನಕಾಯಿ, ಶೇಂಗಾ, ಬಟಾಟೆ, ಸಾಬೂದಾಣಿಗಳ ಚರಿತ್ರೆ ಬೇರೆ. ಮೆಣಸಿನಕಾಯಿ, ಶೇಂಗಾ, ಬಟಾಟೆ ಮತ್ತು ಈಗ ನಮ್ಮ ದೇಶದಲ್ಲಿ ಸಾಬೂದಾಣಿಯ ತಯಾರಿಕೆಗೆ ಬಳಸುವ ಮರಗೆಣಸು, ಈ ನಾಲ್ಕೂ ಅಮೆರಿಕಾ ಖಂಡದ ಮೂಲನಿವಾಸಿಗಳಾದ ಸಸ್ಯಗಳು. ಪೋರ್ತುಗೀಜರು ೧೪೯೮ರಲ್ಲಿ ಭಾರತದ ಪಶ್ಚಿಮ ತೀರವನ್ನು ಮುಟ್ಟಿದ ಮೇಲೆ ಈ ದೇಶಕ್ಕೆ ಬಂದವುಗಳು. ಬಟಾಟೆ ಎಂಬ ಹೆಸರು ಕೂಡ ಪೋರ್ತುಗೀಜರಿಂದಲೇ ಬಂದದ್ದು. ಹೀಗಿದ್ದರೂ ಇಂದಿನ ಗೃಹಿಣಿಗೆ ಇವು ಪರಕೀಯವೆಂದು ತೋರುವುದಿಲ್ಲ. ಏಕಾದಶಿಯ ದಿನ ಅನ್ನವನ್ನು ವರ್ಜಿಸುವ ಮನೆಗಳಲ್ಲಿಯೇ ಸಾಬೂದಾಣಿಯ ಖಿಚಡಿಯೂ ಶೇಂಗಾದ ಪುಡಿಯೂ ಬಟಾಟೆಯ ಪಲ್ಯವೂ ಉಪವಾಸದ ಫಲಾಹಾರವಾಗಿ ಸಲ್ಲುತ್ತವೆ. ಒಂದು ಕಾಲಕ್ಕೆ ಅಪರಿಚಿತವಾಗಿದ್ದ ಪದಾರ್ಥವು ವ್ರತದ ಆಹಾರವೆನಿಸುವಷ್ಟರ ಮಟ್ಟಿಗೆ ಸ್ವಂತವಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಸಮಾಜವು ಹೀಗೆ ಹೊಸದನ್ನು ತನ್ನದಾಗಿಸಿಕೊಳ್ಳಬಲ್ಲುದಾದರೂ, ಆ ಸಮಾಜದ ಒಂದೊಂದು ಮನೆಯಲ್ಲಿ ನಡೆಯುವ ಸಂಗತಿ ಇಷ್ಟು ಸುಲಭವಾದುದಲ್ಲ. ಒಂದೇ ತಾಯಿ ಒಂದೇ ಒಲೆಯ ಮೇಲೆ ಮಾಡಿದ ಅಡಿಗೆಯನ್ನು ಉಣ್ಣುವ ಇಬ್ಬರು ಮಕ್ಕಳಲ್ಲಿ, ಹದಿನಾಲ್ಕು ವರ್ಷದ ಹುಡುಗನು ಕಾಣದ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸುತ್ತಾನೆ. ಅವನ ತಂಗಿಯು ಅದನ್ನೇ ಕುತೂಹಲದಿಂದ ಬಾಯಿಗೆ ಹಾಕುತ್ತಾಳೆ. ಹಿರಿಯರು ಮೊದಲನೆಯದನ್ನು ಹಟವೆಂದೂ ಎರಡನೆಯದನ್ನು ಒಳ್ಳೆಯ ನಡತೆಯೆಂದೂ ಎಣಿಸುವುದುಂಟು. ಈ ಎಣಿಕೆ ಎಷ್ಟರ ಮಟ್ಟಿಗೆ ಸರಿ, ಹದಿಹರೆಯದವರ ಸ್ವಭಾವಕ್ಕೂ ಅವರ ಊಟಕ್ಕೂ ಇರುವ ಸಂಬಂಧವೇನು, ಎಂಬುದನ್ನು ಮನಃಶಾಸ್ತ್ರದ ಪ್ರಯೋಗಗಳ ಆಧಾರದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರವು ಕೇವಲ ರುಚಿಯ ಮಾತಲ್ಲ. ೨೦೧೯-೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ೧೫ರಿಂದ ೧೯ ವರ್ಷದೊಳಗಿನ ಹುಡುಗಿಯರಲ್ಲಿ ನೂರಕ್ಕೆ ೫೯.೧ ಮಂದಿಗೂ, ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ ೩೧.೧ ಮಂದಿಗೂ ರಕ್ತಹೀನತೆಯಿತ್ತು. ಇದಕ್ಕೆ ಬಡತನ, ಹೊಟ್ಟೆಯ ಹುಳು, ಹುಡುಗಿಯರ ಮಾಸಿಕ ರಕ್ತಸ್ರಾವ, ಆಹಾರದಲ್ಲಿ ಕಬ್ಬಿಣಾಂಶದ ಕೊರತೆ ಮುಂತಾದ ಕಾರಣಗಳು ಹಲವು. ತಟ್ಟೆಯಲ್ಲಿ ಬಡಿಸಿದ್ದನ್ನು ಬಿಡುವುದೊಂದೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಸೊಪ್ಪು, ಕಾಳು, ಮೊಟ್ಟೆ, ಕಿರುಧಾನ್ಯಗಳು ದೊರೆಯುವ ಮನೆಯಲ್ಲಿಯೂ ಶಾಲೆಯಲ್ಲಿಯೂ ಅವುಗಳನ್ನು ತಿನ್ನಲೊಲ್ಲದ ಮಗುವಿನ ಪಾಲಿಗೆ ಅವು ಇದ್ದೂ ಇಲ್ಲದಂತೆಯೇ ಸರಿ. ದೇಹವು ವೇಗವಾಗಿ ಬೆಳೆಯುವ ಈ ವಯಸ್ಸಿನಲ್ಲಿ ಊಟದ ವ್ಯಾಪ್ತಿ ಕಿರಿದಾದರೆ ಅದರ ಫಲವನ್ನು ಮುಂದೆ ಬಹುಕಾಲ ಅನುಭವಿಸಬೇಕಾದೀತು.

೨

ಹೊಸ ತಿನಿಸಿನ ಅಂಜಿಕೆಯು ಮನುಷ್ಯನಿಗೆ ಸಹಜವಾದುದು. ಹುಲ್ಲು ಮೇಯುವ ಹಸುವಿಗೂ ಮಾಂಸ ತಿನ್ನುವ ಹುಲಿಗೂ ತಮ್ಮ ಆಹಾರ ಯಾವುದೆಂಬ ಸಂಶಯವಿಲ್ಲ. ಎಲ್ಲವನ್ನೂ ತಿನ್ನಬಲ್ಲ ಪ್ರಾಣಿಗೆ ಮಾತ್ರ ಇಬ್ಬಂದಿತನವುಂಟು: ಹೊಸದನ್ನು ತಿನ್ನದಿದ್ದರೆ ಪುಷ್ಟಿ ತಪ್ಪೀತು, ತಿಂದರೆ ವಿಷವಾದೀತು. ಇಲಿ ಮತ್ತು ಮನುಷ್ಯ ಇವೆರಡೂ ಈ ಸ್ಥಿತಿಯಲ್ಲಿರುವುವೆಂದು ಅಮೆರಿಕಾದ ಮನಃಶಾಸ್ತ್ರಜ್ಞ ಪಾಲ್ ರೋಜಿನ್ ೧೯೭೬ರಲ್ಲಿ ವಿವರಿಸಿ, ಇದನ್ನು ಸರ್ವಭಕ್ಷಕನ ಸಂಕಟವೆಂಬ ಹೆಸರಿನಿಂದ ಪ್ರಸಿದ್ಧಗೊಳಿಸಿದನು. ಎರಡು ವರ್ಷದ ಸುಮಾರಿಗೆ, ಅಂದರೆ ಮಗುವು ತಾನಾಗಿ ನಡೆದಾಡಿ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಬಲ್ಲ ಕಾಲಕ್ಕೆ, ಈ ಅಂಜಿಕೆ ಬಲವಾಗುತ್ತದೆ. ಆರು ವರ್ಷದ ತನಕ ತೀವ್ರವಾಗಿದ್ದು ಮುಂದೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಹದಿಹರೆಯವು ಈ ಇಳಿಕೆಯ ಕಾಲ. ಆದರೆ ಎಲ್ಲರಲ್ಲಿಯೂ ಅದು ಸಮನಾಗಿ ಇಳಿಯುವುದಿಲ್ಲ. ಕೆಲವರಲ್ಲಿ ವಯಸ್ಸಾದ ಮೇಲೂ ಉಳಿದೇ ಇರುತ್ತದೆ.

ಈ ತಾರತಮ್ಯವನ್ನು ಅಳೆಯುವುದಕ್ಕೆ ಕೆನಡಾ ದೇಶದ ಪೆಟ್ರೀಶಿಯಾ ಪ್ಲೈನರ್ ಮತ್ತು ಕ್ಯಾರೆನ್ ಹಾಬ್ಡೆನ್ ಎಂಬ ವಿದುಷಿಯರು ೧೯೯೨ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಅದರಲ್ಲಿ ಹತ್ತು ಹೇಳಿಕೆಗಳಿವೆ. ಅರ್ಧದಷ್ಟು ಹೇಳಿಕೆಗಳು ಹೊಸ ತಿನಿಸನ್ನು ಬಯಸುವವನ ಮಾತುಗಳು. ಉಳಿದರ್ಧ, ಅದಕ್ಕೆ ಅಂಜುವವನ ಮಾತುಗಳು. ಪ್ರತಿಯೊಂದಕ್ಕೂ ತನ್ನ ಸಮ್ಮತಿ ಎಷ್ಟೆಂಬುದನ್ನು ಏಳು ಮೆಟ್ಟಿಲುಗಳಲ್ಲಿ ಸೂಚಿಸಬೇಕು. ಒಟ್ಟು ಮೊತ್ತವು ೧೦ರಿಂದ ೭೦ರ ವರೆಗೆ ಇರಬಹುದು. ಮೊತ್ತ ಹೆಚ್ಚಿದಷ್ಟೂ ಅಂಜಿಕೆ ಹೆಚ್ಚು. ಈ ಅಳತೆಗೋಲು ಇಂದು ಅನೇಕ ದೇಶಗಳಲ್ಲಿ ಆಯಾ ಭಾಷೆಗೆ ಪರಿವರ್ತಿತವಾಗಿ ಬಳಕೆಯಲ್ಲಿದೆ.

ಅಂಜಿಕೆಯ ಮೂಲವೆಲ್ಲಿ ಎಂಬ ಪ್ರಶ್ನೆಗೆ ಅವಳಿ ಮಕ್ಕಳ ಅಧ್ಯಯನದಿಂದ ಒಂದು ಉತ್ತರ ದೊರೆತಿದೆ. ೨೦೦೭ರಲ್ಲಿ ಲೂಸಿ ಕುಕ್ ಮತ್ತು ಆಕೆಯ ಸಹೋದ್ಯೋಗಿಗಳು ಬ್ರಿಟನ್ನಿನ ೮ರಿಂದ ೧೧ ವರ್ಷದ ೫೩೯೦ ಅವಳಿ ಜೋಡಿಗಳನ್ನು ಪರಿಶೀಲಿಸಿ, ಮಗುವಿಗೂ ಮಗುವಿಗೂ ಈ ಅಂಜಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ೭೮ರಷ್ಟು ಭಾಗವು ಆನುವಂಶಿಕವೆಂದು ಗಣಿಸಿದರು. ಈ ಅಂಕಿಯನ್ನು ತಪ್ಪಾಗಿ ತಿಳಿಯಬಾರದು. ಒಂದು ಮಗುವಿನ ಅಂಜಿಕೆಯಲ್ಲಿ ಮುಕ್ಕಾಲು ಪಾಲು ರಕ್ತದಿಂದ ಬಂದುದು, ಕಾಲು ಪಾಲು ಮನೆಯಿಂದ ಬಂದುದು ಎಂದು ಇದರ ಅರ್ಥವಲ್ಲ; ಆನುವಂಶಿಕವಾದುದು ಬದಲಾಗದು ಎಂದೂ ಅರ್ಥವಲ್ಲ. ಎತ್ತರವು ಬಹುಮಟ್ಟಿಗೆ ಆನುವಂಶಿಕವೇ ಆದರೂ ಊಟ ಚೆನ್ನಾದಾಗ ಇಡೀ ಪೀಳಿಗೆಯ ಎತ್ತರ ಹೆಚ್ಚುತ್ತದಷ್ಟೆ. ಆದರೂ ಒಂದು ಮಾತು ಈ ಅಧ್ಯಯನದಿಂದ ನಿಶ್ಚಿತವಾಗುತ್ತದೆ: ತಟ್ಟೆಯ ಅಂಚಿಗೆ ಪಲ್ಯವನ್ನು ಸರಿಸುವ ಹುಡುಗನದು ಬರಿಯ ಹಟವಲ್ಲ, ತಾಯಿಯ ಅಜಾಗರೂಕತೆಯ ಫಲವೂ ಅಲ್ಲ. ಅದು ಬಹುಮಟ್ಟಿಗೆ ಪ್ರಕೃತಿ.

೩

ಪ್ರಕೃತಿಯೆಂದರೇನೆಂಬುದನ್ನು ಇನ್ನಷ್ಟು ವಿಂಗಡಿಸಬೇಕು. ಮನುಷ್ಯರ ಸ್ವಭಾವಭೇದಗಳನ್ನು ಐದು ಮುಖ್ಯ ಗುಣಗಳಲ್ಲಿ ಅಡಕಗೊಳಿಸಬಹುದೆಂಬುದು ಈಗ ಮನಃಶಾಸ್ತ್ರಜ್ಞರಲ್ಲಿ ಹೆಚ್ಚು ಪ್ರಚಲಿತವಾದ ಮತ. ಆ ಗುಣಗಳು ಅನುಭವೋನ್ಮುಖತೆ, ನಿಯಮಶೀಲತೆ, ಬಹಿರ್ಮುಖತೆ, ಸೌಹಾರ್ದ ಮತ್ತು ಉದ್ವೇಗಶೀಲತೆ. ಇವು ಯಾರಲ್ಲಿಯೂ ಪೂರ್ತಿಯಾಗಿ ಇರುವುದೂ ಇಲ್ಲ, ಪೂರ್ತಿಯಾಗಿ ಇಲ್ಲದಿರುವುದೂ ಇಲ್ಲ. ಹೆಚ್ಚು ಕಡಿಮೆ ಎಂಬುದಷ್ಟೇ ಭೇದ.

ಇವುಗಳಲ್ಲಿ ಹೊಸ ಆಹಾರಕ್ಕೆ ಅತಿ ಸಮೀಪವಾದುದು ಅನುಭವೋನ್ಮುಖತೆ. ಕಾಣದ ಊರು, ಕೇಳದ ರಾಗ, ಓದದ ಪುಸ್ತಕಗಳ ಕಡೆಗೆ ಯಾರ ಮನಸ್ಸು ಹರಿಯುವುದೋ ಅವರ ಕೈ ಕಾಣದ ತಿನಿಸಿನ ಕಡೆಗೂ ಚಾಚುತ್ತದೆ. ಉದ್ವೇಗಶೀಲತೆಯು ಇದಕ್ಕೆ ಪ್ರತಿಯಾಗಿ ಕೆಲಸಮಾಡುತ್ತದೆ: ಸ್ವಭಾವತಃ ಆತಂಕ ಹೆಚ್ಚಾಗಿರುವವರಲ್ಲಿ ಹೊಸ ತಿನಿಸಿನ ಅಂಜಿಕೆಯೂ ಹೆಚ್ಚಾಗಿರುವ ಪ್ರವೃತ್ತಿ ಕಂಡುಬಂದಿದೆ. ಆದರೆ ಇದೇ ಗುಣವು ಇನ್ನೊಂದು ಬಗೆಯಲ್ಲಿಯೂ ಊಟವನ್ನು ಕೆಡಿಸಬಲ್ಲುದು. ಸ್ವಿಟ್ಜರ್ಲೆಂಡಿನ ಕಾರ್ಮೆನ್ ಕೆಲ್ಲರ್ ಮತ್ತು ಮೈಕೇಲ್ ಸೀಗ್ರಿಸ್ಟ್ ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉದ್ವೇಗಶೀಲರು ಹಸಿವೆಗಾಗಿ ಅಲ್ಲದೆ ಮನಸ್ಸಿನ ಬೇಗುದಿಯನ್ನು ಮರೆಯುವುದಕ್ಕಾಗಿ ಸಿಹಿ ಖಾರದ ತಿಂಡಿಗಳನ್ನು ಹೆಚ್ಚಾಗಿ ತಿನ್ನುವರೆಂದೂ, ಅನುಭವೋನ್ಮುಖರು ಹಣ್ಣು ತರಕಾರಿಗಳನ್ನು ಹೆಚ್ಚಾಗಿ ತಿನ್ನುವರೆಂದೂ, ನಿಯಮಶೀಲರು ತಮ್ಮ ಊಟಕ್ಕೆ ತಾವೇ ಮಿತಿಯನ್ನು ವಿಧಿಸಿಕೊಳ್ಳುವರೆಂದೂ ತಿಳಿದುಬಂದಿತು. ಬಹಿರ್ಮುಖರಲ್ಲಿ ಮಾಂಸ, ಸಿಹಿ ಪಾನೀಯ, ಕುರುಕಲು ತಿಂಡಿಗಳ ಸೇವನೆ ಹೆಚ್ಚಾಗಿತ್ತು. ನಾಲ್ಕು ಜನರ ಸಂಗದಲ್ಲಿ ಹೆಚ್ಚಾಗಿ ಇರುವವರು ಆ ಸಂಗದಲ್ಲಿ ನಡೆಯುವ ತಿನಿಸಿಗೂ ಹೆಚ್ಚಾಗಿ ಒಳಗಾಗುವುದು ಸಹಜ. ಈ ಅಧ್ಯಯನವು ವಯಸ್ಕರನ್ನು ಕುರಿತದ್ದು. ಇಂಥ ಸಂಬಂಧಗಳೆಲ್ಲ ಸಾಮಾನ್ಯವಾಗಿ ಅಲ್ಪಪ್ರಮಾಣದವು. ಆದಕಾರಣ ಸ್ವಭಾವವನ್ನು ನೋಡಿ ಒಬ್ಬನ ತಟ್ಟೆಯನ್ನು ಊಹಿಸುವುದಾಗಲಿ, ತಟ್ಟೆಯನ್ನು ನೋಡಿ ಸ್ವಭಾವವನ್ನು ತೀರ್ಮಾನಿಸುವುದಾಗಲಿ ಯುಕ್ತವಲ್ಲ.

ಹದಿಹರೆಯದವರ ವಿಷಯದಲ್ಲಿ ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ಸ್ವಭಾವವು ಆ ವಯಸ್ಸಿನಲ್ಲಿ ಇನ್ನೂ ನೆಲೆನಿಂತಿರುವುದಿಲ್ಲ. ಕ್ರಿಸ್ಟೋಫರ್ ಸೋಟೋ ಮೊದಲಾದವರು ೨೦೧೧ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನವು, ಬಾಲ್ಯವು ಕಳೆದು ಹದಿಹರೆಯವು ತೊಡಗುವ ವರ್ಷಗಳಲ್ಲಿ ನಿಯಮಶೀಲತೆ, ಸೌಹಾರ್ದ, ಅನುಭವೋನ್ಮುಖತೆಗಳು ಕೆಲಕಾಲ ಇಳಿದು ಅನಂತರ ಮತ್ತೆ ಏರುವುವೆಂದು ತೋರಿಸಿದೆ. ಹತ್ತು ವರ್ಷದ ವರೆಗೆ ಕೊಟ್ಟದ್ದನ್ನು ಉಣ್ಣುತ್ತಿದ್ದ ಮಗುವು ಹದಿಮೂರನೆಯ ವರ್ಷದಲ್ಲಿ ಹೊತ್ತು ಮೀರಿ ಉಣ್ಣುವುದು, ಮನೆಯ ಅಡಿಗೆಗೆ ಮೂಗು ಮುರಿಯುವುದು, ಬೆಳಗಿನ ಉಪಾಹಾರವನ್ನು ಬಿಡುವುದು, ಇವುಗಳಿಗೆ ಈ ಇಳಿಕೆಯೂ ಒಂದು ಕಾರಣವಿರಬಹುದು. ಇದು ಮಗುವಿನ ಕೊನೆಯ ಸ್ವರೂಪವಲ್ಲವೆಂಬುದನ್ನು ಹಿರಿಯರು ನೆನಪಿಡಬೇಕು.

೪

ಬಡಿಸಿದ್ದನ್ನು ಒಲ್ಲೆನೆನ್ನುವುದೆಲ್ಲವೂ ಅಂಜಿಕೆಯಲ್ಲ. ಕಾರಣಗಳನ್ನು ಬೇರ್ಪಡಿಸದಿದ್ದರೆ ಚಿಕಿತ್ಸೆಯು ತಪ್ಪುತ್ತದೆ.

ಮೊದಲನೆಯದು ನಾಲಗೆಯ ಭೇದ. ೧೯೩೧ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನು, ತನ್ನ ಪ್ರಯೋಗಶಾಲೆಯಲ್ಲಿ ಹಾರಿದ ಒಂದು ರಾಸಾಯನಿಕ ಪುಡಿಯು ಸಹೋದ್ಯೋಗಿಗೆ ಕಹಿಯಾಗಿಯೂ ತನಗೆ ರುಚಿಯೇ ಇಲ್ಲದಂತೆಯೂ ತೋರಿದುದನ್ನು ಪ್ರಕಟಿಸಿದನು. ಕೆಲವು ಬಗೆಯ ಕಹಿಯನ್ನು ಗ್ರಹಿಸುವ ಶಕ್ತಿಯು ಹುಟ್ಟಿನಿಂದಲೇ ಬೇರೆಬೇರೆಯೆಂಬುದು ಆಗಿನಿಂದ ತಿಳಿದಿದೆ. ಒಬ್ಬರಿಗೆ ಹಿತವಾದ ಕಹಿಯು ಮತ್ತೊಬ್ಬರಿಗೆ ಸಹಿಸಲಾಗದಷ್ಟು ತೀಕ್ಷ್ಣವಾಗಿರುವುದು ಸಾಧ್ಯ. ಎರಡನೆಯದು ಹಿಂದಿನ ಅಸ್ವಾಸ್ಥ್ಯದ ನೆನಪು: ಒಂದು ಪದಾರ್ಥವನ್ನು ತಿಂದ ಮೇಲೆ ಒಮ್ಮೆ ವಾಂತಿಯಾದರೆ, ದೋಷವು ಅದರದಲ್ಲದಿದ್ದರೂ ಮನಸ್ಸು ಅದನ್ನು ಬಹುಕಾಲ ದೂರವಿಡುತ್ತದೆ. ಜಾನ್ ಗಾರ್ಸಿಯಾ ಮತ್ತು ಆತನ ಸಂಗಡಿಗರು ೧೯೫೫ರಲ್ಲಿ ಇಲಿಗಳಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ರೋಜಿನ್ ಮತ್ತು ಏಪ್ರಿಲ್ ಫ್ಯಾಲನ್ ಇವರು ಮಾಡಿದ ವಿಭಾಗದ ಪ್ರಕಾರ ಮನುಷ್ಯನು ಆಹಾರವನ್ನು ರುಚಿಯಿಂದಲೂ, ಪರಿಣಾಮದ ಭಯದಿಂದಲೂ ಮಾತ್ರವಲ್ಲದೆ, ಅದು ಏನು ಮತ್ತು ಎಲ್ಲಿಂದ ಬಂದುದು ಎಂಬ ಭಾವನೆಯಿಂದಲೂ ವರ್ಜಿಸುತ್ತಾನೆ. ಲಿಂಗಾಯತರು, ಜೈನರು, ಬ್ರಾಹ್ಮಣರು, ಮರಾಠರು, ಮುಸಲ್ಮಾನರು, ಕ್ರೈಸ್ತರು ಮೊದಲಾದವರು ನೆರೆಹೊರೆಯಾಗಿ ಬಾಳುವ ಬೆಳಗಾವಿಯಂಥ ನಗರದಲ್ಲಿ ಇದರ ಉದಾಹರಣೆಗಳು ಬೀದಿಬೀದಿಗೂ ಇವೆ. ಕಂದಮೂಲವನ್ನು ಬಿಟ್ಟ ಜೈನ ಬಾಲಕಿಯು ಬಟಾಟೆಯನ್ನು ಮುಟ್ಟದಿರುವುದು ಅಂಜಿಕೆಯಿಂದಲ್ಲ, ಅಹಿಂಸೆಯ ನಿಷ್ಠೆಯಿಂದ. ಅವಳು ಇತರ ವಿಷಯಗಳಲ್ಲಿ ಅತ್ಯಂತ ಅನುಭವೋನ್ಮುಖಳಾಗಿರಬಹುದು.

ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಈ ಭೇದವು ಸ್ಪಷ್ಟವಾಗಿ ಎದುರಾಯಿತು. ೨೦೨೧ರ ಡಿಸೆಂಬರಿನಲ್ಲಿ ರಾಜ್ಯಸರಕಾರವು ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಮಕ್ಕಳಿಗೆ ಮೊಟ್ಟೆಯನ್ನು ಕೊಡಲು ತೊಡಗಿ, ಮುಂದೆ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಮೊಟ್ಟೆಯನ್ನು ಒಲ್ಲದವರಿಗೆ ಬಾಳೆಯ ಹಣ್ಣು ಅಥವಾ ಶೇಂಗಾ ಚಿಕ್ಕಿಯನ್ನು ಕೊಡುವ ಏರ್ಪಾಡಾಯಿತು. ಈ ಯೋಜನೆಯ ಬಗೆಗೆ ವಾದವಿವಾದಗಳು ನಡೆದುವು. ಪ್ರಸ್ತುತ ವಿಚಾರಕ್ಕೆ ಬೇಕಾದ ಮಾತು ಇಷ್ಟೆ: ನಿಷ್ಠೆಯಿಂದ ಬಿಡುವ ಮಗುವಿಗೆ ಬೇರೆ ಪೌಷ್ಟಿಕ ಪದಾರ್ಥ ಬೇಕು, ಅಂಜಿಕೆಯಿಂದ ಬಿಡುವ ಮಗುವಿಗೆ ಕಾಲಾವಕಾಶ ಬೇಕು. ಇಬ್ಬರ ಕೈಯಲ್ಲಿಯೂ ಬಾಳೆಯ ಹಣ್ಣೇ ಇರಬಹುದು. ಕಾರಣ ಒಂದೇ ಅಲ್ಲ.

೫

ಹದಿಹರೆಯದಲ್ಲಿ ಊಟದ ಸ್ಥಳವೇ ಬದಲಾಗುತ್ತದೆ. ಎಳೆಯ ಮಗುವಿನ ತಟ್ಟೆಯನ್ನು ತಾಯಿ ನಿಯಮಿಸುತ್ತಾಳೆ. ಖಾನಾಪುರದ ಹಳ್ಳಿಯಿಂದ ವಿದ್ಯಾಭ್ಯಾಸಕ್ಕಾಗಿ ಬೆಳಗಾವಿಗೆ ಬಂದು ವಿದ್ಯಾರ್ಥಿನಿಲಯದಲ್ಲಿರುವ ಹುಡುಗನ ತಟ್ಟೆಯನ್ನು ಭೋಜನಶಾಲೆಯೂ ಸ್ನೇಹಿತರೂ ಬೀದಿಯ ಗಾಡಿಯೂ ಹಂಚಿಕೊಳ್ಳುತ್ತವೆ. ಅನ್ನ ಸಾರುಗಳಲ್ಲಿ ಬೆಳೆದವನು ಇಲ್ಲಿ ಜೋಳದ ರೊಟ್ಟಿ, ಝುಣಕ, ಗುರೆಳ್ಳಿನ ಚಟ್ನಿಗಳ ಪಂಕ್ತಿಯಲ್ಲಿ ಕೂಡಬೇಕಾಗುತ್ತದೆ. ಬಯಲುಸೀಮೆಯಿಂದ ಬಂದವನಿಗೆ ದಿನದಿನವೂ ಅನ್ನವೇ ಹೊಸದೆನಿಸುತ್ತದೆ.

ಸಂಗಡಿಗರ ಪ್ರಭಾವವು ಈ ವಯಸ್ಸಿನಲ್ಲಿ ಎಷ್ಟು ಬಲವಾದುದೆಂಬುದನ್ನು ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ೨೦೦೫ರಲ್ಲಿ ಒಂದು ವಾಹನಚಾಲನೆಯ ಆಟದ ಮೂಲಕ ತೋರಿಸಿದರು. ಸ್ನೇಹಿತರು ನೋಡುತ್ತಿರುವಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡರು. ವಯಸ್ಕರಲ್ಲಿ ಅಂಥ ಭೇದ ತೋರಲಿಲ್ಲ. ಆಹಾರದ ವಿಷಯದಲ್ಲಿ ಇದಕ್ಕೆ ಬಹು ಮುಂಚೆಯೇ, ೧೯೩೮ರಲ್ಲಿ, ಕಾರ್ಲ್ ಡುಂಕರ್ ಎಂಬ ಜರ್ಮನ್ ಮನಃಶಾಸ್ತ್ರಜ್ಞನು ಚಿಕ್ಕ ಮಕ್ಕಳು ತಮ್ಮ ಸಂಗಡಿಗರು ಆರಿಸಿದ್ದನ್ನೇ ಆರಿಸುವರೆಂದೂ, ಕಥೆಯ ನಾಯಕನು ಮೆಚ್ಚಿದ ತಿನಿಸನ್ನು ತಾವೂ ಮೆಚ್ಚುವರೆಂದೂ ಪ್ರಯೋಗಮಾಡಿ ತೋರಿಸಿದ್ದನು. ಇಂದಿನ ಜಾಹೀರಾತು ಈ ತತ್ತ್ವವನ್ನು ಶಾಲೆಗಳಿಗಿಂತ ಚೆನ್ನಾಗಿ ಅರಿತಿದೆ.

ಇಲ್ಲಿ ಒಂದು ಸಾಮಾನ್ಯ ಭ್ರಮೆಯನ್ನು ಪರಿಹರಿಸಬೇಕಾಗಿದೆ. ಹೊಸದನ್ನು ತಿನ್ನುವ ಧೈರ್ಯವು ತನ್ನಷ್ಟಕ್ಕೆ ಸದ್ಗುಣವಲ್ಲ. ಮಾರ್ವಿನ್ ಜುಕರ್‌ಮನ್ ಎಂಬ ವಿದ್ವಾಂಸನು ರೋಮಾಂಚಾಪೇಕ್ಷೆಯೆಂಬ ಸ್ವಭಾವಗುಣವನ್ನು ಬಹುಕಾಲ ಅಧ್ಯಯನಮಾಡಿದನು. ತೀಕ್ಷ್ಣವೂ ನವೀನವೂ ಆದ ಅನುಭವವನ್ನು ಅರಸುವುದು ಅದರ ಲಕ್ಷಣ. ಈ ಗುಣವುಳ್ಳ ಹುಡುಗನು ಹೊಸ ಸೊಪ್ಪನ್ನು ತಿನ್ನಲು ಹಿಂಜರಿಯನು. ಬಣ್ಣ ಹಾಕಿದ ತಿಂಡಿಯನ್ನು ತಿನ್ನಲೂ ಹಿಂಜರಿಯನು. ೨೦೨೪ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳ ಬಳಕೆಯನ್ನೂ, ಬಣ್ಣ ಬೆರೆಸಿದ ಬೊಂಬಾಯಿ ಮಿಠಾಯಿಯ ಮಾರಾಟವನ್ನೂ ನಿಷೇಧಿಸಿತು. ಪರೀಕ್ಷಿಸಿದ ಮಾದರಿಗಳಲ್ಲಿ ರೋಡಮೈನ್-ಬಿ ಎಂಬ ಅಪಾಯಕರ ವರ್ಣದ್ರವ್ಯವೂ ಕಂಡುಬಂದಿತ್ತು. ಗೋಬಿ ಎಂಬ ಹೂಕೋಸು ನಿರ್ದೋಷಿಯಾದ ತರಕಾರಿ. ಯುವಜನರ ಕುತೂಹಲವೂ ನಿರ್ದೋಷಿಯೇ. ಆ ಕುತೂಹಲದ ಮುಂದೆ ಏನನ್ನು ಇಡಲಾಗುತ್ತದೆಂಬುದರಲ್ಲಿ ದೋಷವಿದೆ. ಧೈರ್ಯವುಳ್ಳವನಿಗೆ ವಿವೇಕವನ್ನೂ, ಅಂಜುವವನಿಗೆ ಪರಿಚಯವನ್ನೂ ಒದಗಿಸಬೇಕಾಗಿದೆ.

೬

ಪರಿಚಯವು ಹೇಗೆ ಉಂಟಾಗುತ್ತದೆ? ಲೀಯಾನ್ ಬರ್ಚ್ ಎಂಬ ವಿದುಷಿಯ ಪ್ರಯೋಗಗಳು ಇದನ್ನು ವಿಶದಪಡಿಸಿವೆ. ೧೯೮೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ಹಣ್ಣು ಮತ್ತು ಗಿಣ್ಣುಗಳನ್ನು ಕೆಲವನ್ನು ಹೆಚ್ಚು ಸಲ, ಕೆಲವನ್ನು ಕಡಿಮೆ ಸಲ ಕೊಡಲಾಯಿತು; ಹೆಚ್ಚು ಸಲ ರುಚಿ ನೋಡಿದ್ದನ್ನೇ ಅವರು ಹೆಚ್ಚಾಗಿ ಮೆಚ್ಚಿದರು. ಬರಿದೆ ನೋಡಿದರೆ ಸಾಲದು, ನಾಲಗೆಗೆ ತಾಗಬೇಕೆಂಬುದು ಆಕೆಯ ಮುಂದಿನ ಪ್ರಯೋಗದಿಂದ ತಿಳಿಯಿತು. ಇದನ್ನು ತಿಂದರೆ ಅದನ್ನು ಕೊಡುವೆನೆಂದು ಆಸೆ ತೋರಿಸಿ ತಿನ್ನಿಸಿದ ಪದಾರ್ಥದ ಮೇಲಿನ ಪ್ರೀತಿಯು ಏರುವುದಕ್ಕೆ ಬದಲಾಗಿ ಇಳಿಯಿತೆಂಬುದು ೧೯೮೪ರಲ್ಲಿ ಪ್ರಕಟವಾಯಿತು. ಲಂಚ ಕೊಟ್ಟು ತಿನ್ನಿಸಬೇಕಾದ ವಸ್ತು ಕೆಟ್ಟದ್ದೇ ಇರಬೇಕೆಂದು ಮಗುವು ತರ್ಕಿಸುತ್ತದೆ.

ಮೆಣಸಿನಕಾಯಿಯ ಕಥೆಯು ಇದಕ್ಕೆ ಪೋಷಕವಾಗಿದೆ. ಖಾರವು ಹುಟ್ಟಿನಿಂದ ಯಾವ ಮಗುವಿಗೂ ಹಿತವಲ್ಲ. ರೋಜಿನ್ ಮತ್ತು ಡೆಬೊರಾ ಶಿಲ್ಲರ್ ೧೯೮೦ರಲ್ಲಿ ಮೆಕ್ಸಿಕೋದ ಒಂದು ಹಳ್ಳಿಯನ್ನು ಕುರಿತು ಬರೆಯುತ್ತ, ಅಲ್ಲಿನ ಮಕ್ಕಳು ಬಲವಂತವಿಲ್ಲದೆ, ಹಿರಿಯರು ಸವಿದು ತಿನ್ನುವುದನ್ನು ನೋಡುತ್ತ, ಸ್ವಲ್ಪಸ್ವಲ್ಪವಾಗಿ ಖಾರವನ್ನು ಮೆಚ್ಚಲು ಕಲಿಯುವುದನ್ನು ತಿಳಿಸಿದರು. ಸಂಕೇಶ್ವರದ ಮೆಣಸಿನಕಾಯಿಗೆ ಹೆಸರಾದ ಬೆಳಗಾವಿ ಜಿಲ್ಲೆಯ ಮನೆಗಳಲ್ಲಿ ನಡೆಯುವುದೂ ಇದೇ. ಮೊದಲು ರೊಟ್ಟಿಗೆ ಬೆಣ್ಣೆ ಬೆಲ್ಲ. ಅನಂತರ ಮೊಸರಿನಲ್ಲಿ ಕಲಸಿದ ಶೇಂಗಾ ಚಟ್ನಿ. ಕಡೆಗೆ ಕೆಂಪು ಖಾರ.

ಹೊಸ ವಸ್ತುವು ಹಳೆಯ ವೇಷದಲ್ಲಿ ಬಂದರೆ ಬೇಗ ಒಳಸೇರುತ್ತದೆ. ಪ್ರತಿಯೊಂದು ಜನಾಂಗದ ಅಡಿಗೆಗೂ ಅದರದೇ ಆದ ಒಗ್ಗರಣೆ ಮಸಾಲೆಗಳ ಹದವಿದ್ದು, ಅದರೊಳಗೆ ಬೆರೆತ ಅಪರಿಚಿತ ಪದಾರ್ಥವು ಪರಿಚಿತವಾಗಿ ತೋರುವುದೆಂದು ಎಲಿಜಬೆತ್ ರೋಜಿನ್ ೧೯೭೩ರಲ್ಲಿ ಪ್ರತಿಪಾದಿಸಿದಳು. ಕನ್ನಡ ಭಾಷೆಯೇ ಇದಕ್ಕೆ ಸಾಕ್ಷಿ. ೧೬ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದ ಕಾಲಕ್ಕೆ ಅಡಿಗೆಯ ಖಾರವೆಂದರೆ ಕಾಳುಮೆಣಸು. ಹೊಸ ಖಾರವು ಬಂದಾಗ ಜನರು ಅದಕ್ಕೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿಯೆಂದರು. ಅಮೆರಿಕಾದ ಇನ್ನೊಂದು ಧಾನ್ಯವು ಬಂದಾಗ ಅದನ್ನು ಜೋಳದ ಬಳಗಕ್ಕೆ ಸೇರಿಸಿ ಗೋವಿನಜೋಳ, ಮೆಕ್ಕೆಜೋಳ ಎಂದರು. ೧೯೬೦ರ ದಶಕದಿಂದ ಕೆಲವು ವರ್ಷಗಳ ಕಾಲ ಕೇರ್ ಎಂಬ ಅಮೆರಿಕನ್ ಸಂಸ್ಥೆಯ ನೆರವಿನಿಂದ ಕರ್ನಾಟಕದ ಶಾಲೆಗಳಿಗೆ ಬಂದ ಹಳದಿ ರವೆಯನ್ನು ಮಕ್ಕಳು ಉಂಡದ್ದು ಉಪ್ಪಿಟ್ಟಿನ ರೂಪದಲ್ಲಿ. ಧಾನ್ಯವು ಹೊರಗಿನದು, ಒಗ್ಗರಣೆ ಮನೆಯದು.

ಅಭ್ಯಾಸದ ಈ ಬಲವನ್ನು ಪ್ರಾಚೀನ ವೈದ್ಯರು ಅರಿಯದೆ ಇರಲಿಲ್ಲ. ಅಭ್ಯಾಸದಿಂದ ಒಗ್ಗಿದ ಆಹಾರವನ್ನು ಚರಕಸಂಹಿತೆಯು ಓಕಸಾತ್ಮ್ಯವೆಂದು ಕರೆಯುತ್ತದೆ. ಅಹಿತವಾದ ಅಭ್ಯಾಸವನ್ನು ಬಿಡುವಾಗಲೂ ಹಿತವಾದುದನ್ನು ಹಿಡಿಯುವಾಗಲೂ ಒಮ್ಮೆಲೇ ಅಲ್ಲದೆ ಕಾಲುಕಾಲು ಅಂಶವಾಗಿ ಮುಂದುವರಿಯಬೇಕೆಂದು ವಿಧಿಸುತ್ತದೆ. ಇಂದಿನ ಪ್ರಯೋಗಶಾಲೆಯು ಮುಟ್ಟಿದ ನಿರ್ಣಯವು ಇದಕ್ಕೆ ದೂರವಾದುದಲ್ಲ.

೭

ಮೇಲಿನ ವಿವೇಚನೆಯಿಂದ ಹೊರಡುವ ಸಾರಾಂಶವಿದು. ಹೊಸ ಆಹಾರಕ್ಕೆ ಅಂಜುವುದು ಬಹುಮಟ್ಟಿಗೆ ಸ್ವಭಾವ. ಆದರೆ ಸ್ವಭಾವವು ನಿರ್ಣಯಿಸುವುದು ಮೊದಲನೆಯ ತುತ್ತನ್ನು ಮಾತ್ರ, ಹತ್ತನೆಯ ತುತ್ತನ್ನಲ್ಲ. ಅಂಜುವ ಮಗುವಿಗೆ ಹೆಚ್ಚು ಸಲ ಬೇಕು, ಧೈರ್ಯದ ಮಗುವಿಗೆ ಕಡಿಮೆ ಸಲ ಸಾಕು, ಭೇದವಿರುವುದು ಕಾಲದಲ್ಲಿ. ಮನೆಯವರು ಹೊಸ ಪದಾರ್ಥವನ್ನು ಚಿಟಿಕೆಯಷ್ಟು ಬಡಿಸಿ, ಬೈಯದೆ, ಆಸೆ ತೋರಿಸದೆ, ತಾವೂ ಅದನ್ನೇ ಉಣ್ಣುತ್ತ, ಕೆಲವು ದಿನಗಳ ಅಂತರದಲ್ಲಿ ಮತ್ತೆಮತ್ತೆ ಬಡಿಸುವುದು ಯುಕ್ತ. ಹತ್ತು ಹದಿನೈದು ಸಲ ರುಚಿ ನೋಡುವ ಮುಂಚೆ ಇದು ಇವನಿಗೆ ಸೇರದೆಂದು ತೀರ್ಮಾನಿಸುವುದು ಅವಸರ. ಶಾಲೆಯವರು ಮೊಟ್ಟೆಯನ್ನಾಗಲಿ ಸೊಪ್ಪಿನ ಸಾರನ್ನಾಗಲಿ ಒಂಟಿಯಾಗಿ ಕೂರಿಸಿ ತಿನ್ನಿಸುವುದಕ್ಕಿಂತ, ಅದನ್ನು ಮೆಚ್ಚುವ ಸಂಗಡಿಗರ ಪಂಕ್ತಿಯಲ್ಲಿ ಕೂರಿಸುವುದು ಫಲಕಾರಿ. ವಿದ್ಯಾರ್ಥಿನಿಲಯದವರು ರೊಟ್ಟಿಯನ್ನೂ ಅನ್ನವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದರೆ ಎರಡು ಸೀಮೆಯ ಮಕ್ಕಳು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಮತನಿಷ್ಠೆಯಿಂದ ಬಿಡುವವರನ್ನು ಇವುಗಳಿಗೆ ಒಳಪಡಿಸಬಾರದು. ಎಷ್ಟು ಕಾಲ ಕಳೆದರೂ ಎರಡು ಮೂರು ಪದಾರ್ಥಗಳಿಗೇ ಅಂಟಿಕೊಂಡು ದೇಹವು ಕ್ಷೀಣಿಸುತ್ತ ಬಂದರೆ ಅದು ಸ್ವಭಾವದ ಮಿತಿಯನ್ನು ಮೀರಿದ ಮಾತು. ಆಗ ವೈದ್ಯರ ಸಲಹೆ ಅವಶ್ಯ.

ರವಿವಾರ ಪೇಟೆಯಂಥ ಮಾರುಕಟ್ಟೆಯಲ್ಲಿ ಇಂದು ದೇಶೀಯವೆಂದು ತೂಗಿ ಮಾರುವ ಸಾಮಾನುಗಳಲ್ಲಿ ಎಷ್ಟೋ ಒಂದು ಕಾಲದ ತರುಣರಿಗೆ ಕಾಣದ ವಸ್ತುಗಳಾಗಿದ್ದುವು. ಅವುಗಳನ್ನು ಈ ನಾಡಿನ ಅಡಿಗೆಗೆ ಸೇರಿಸಿದುದು ಆಜ್ಞೆಯಲ್ಲ, ಮತ್ತೆಮತ್ತೆ ಒದಗಿದ ಪರಿಚಯ. ಸಮಾಜಕ್ಕೆ ತಲೆಮಾರುಗಳಷ್ಟು ಕಾಲ ಹಿಡಿದ ಈ ಕೆಲಸಕ್ಕೆ ಒಂದು ಮಗುವಿಗೆ ಕೆಲವು ತಿಂಗಳಷ್ಟು ಅವಕಾಶವನ್ನು ಕೊಡುವುದು ಹೆಚ್ಚಲ್ಲ.